ಏಳನೆಯ ಕಲಮು ಮತ್ತು ಕರೂರಿನ ಮುಯ್ಯಿ

ಏಳನೆಯ ಕಲಮನ್ನು ಬರೆದವನು ನಾನು. ಇದನ್ನು ಆರಂಭದಲ್ಲಿಯೇ ಹೇಳಿಬಿಡಬೇಕು. ಮುಂದೆ ಕಚೇರಿಗಳು, ಕಡತಗಳು, ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯ ಎಲ್ಲವೂ ಬರುತ್ತವೆ. ಓದುವವರು ತಪ್ಪನ್ನು ಅವುಗಳ ತಲೆಗೆ ಕಟ್ಟಿ ನನ್ನನ್ನು ಸಂಭಾವಿತನೆಂದು ಬಿಟ್ಟುಬಿಡುವ ಸಾಧ್ಯತೆಯಿದೆ. ಹಾಗಾಗುವುದು ನನಗೆ ಬೇಡ.

ಬಳ್ಳಾರಿಯ ವಿಶ್ವವಿದ್ಯಾಲಯದಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ಮನೆ ಪಾರ್ವತಿನಗರದಲ್ಲಿ. ತಂದೆ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದವರು. ಏಕಾದಶಿಯ ದಿನ ನಮ್ಮ ಮನೆಯಲ್ಲಿ ಅನ್ನದ ಪಾತ್ರೆ ಒಲೆ ಏರುತ್ತಿರಲಿಲ್ಲ. ಭತ್ತದ ಕುರಿತು ಬಹಳ ವರ್ಷಗಳವರೆಗೆ ನನಗಿದ್ದ ತಿಳಿವಳಿಕೆ ಹೆಚ್ಚುಕಡಿಮೆ ಅಷ್ಟೇ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಿಗೆ ಊರೂರು ತಿರುಗಿದೆ. ಚೀಟಿ ಎತ್ತಿದ ಮೇಲೆಯೇ ನಾನು ವಿಷಯದ ಪರವೋ ವಿರೋಧವೋ ಎಂಬುದು ತಿಳಿಯುತ್ತಿತ್ತು. ಐದು ನಿಮಿಷ ಕಳೆಯುವಷ್ಟರಲ್ಲಿ ಅದು ನನ್ನ ನಂಬಿಕೆಯೂ ಆಗಿಬಿಡುತ್ತಿತ್ತು. ಆ ಸಾಮರ್ಥ್ಯಕ್ಕೆ ನಾಚಿ, ಕೆಲಸಕ್ಕೆ ಸೇರಿದ ದಿನದಿಂದ ನಂಬದ ಮಾತನ್ನು ಆಡುವುದಿಲ್ಲವೆಂಬ ವ್ರತವೊಂದನ್ನು ಹಿಡಿದೆ. ಏಳನೆಯ ಕಲಮನ್ನು ನಾನು ಪೂರ್ತಿಯಾಗಿ ನಂಬಿ ಬರೆದೆ. ಸುಳ್ಳು ಹೇಳಿ ಕೆಡಿಸಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ.

ನಂಬಲು ನನಗೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ದೂರದ ಶ್ರೀಮಂತ ದೇಶವೊಂದರ ವಿಶ್ವವಿದ್ಯಾಲಯದವರು ಸಿರುಗುಪ್ಪದ ನೀರಾವರಿಯನ್ನು ಅಧ್ಯಯನ ಮಾಡಲು ಬಂದಿದ್ದರು. ಕಾಗದದ ಮೇಲೆ ಅದು ಜಂಟಿ ಅಧ್ಯಯನ. ನಮ್ಮ ವಿದ್ಯಾರ್ಥಿಗಳು ಅವರ ಮಣ್ಣಿನ ಚೀಲಗಳನ್ನು ಹೊತ್ತರು, ರೈತರ ಕನ್ನಡವನ್ನೂ ತೆಲುಗನ್ನೂ ಇಂಗ್ಲಿಷಿಗೆ ತಿರುಗಿಸಿದರು, ಕೆಂಚನಗುಡ್ಡದ ಹೊಳೆದಂಡೆಯಲ್ಲಿ ಅವರ ಫೋಟೊ ತೆಗೆದುಕೊಟ್ಟರು. ಎರಡು ವರ್ಷಗಳ ನಂತರ ಲೇಖನ ಪ್ರಕಟವಾದಾಗ ಅದರಲ್ಲಿ ನಮ್ಮವರ ಒಂದು ಹೆಸರೂ ಇರಲಿಲ್ಲ. ಕಡೆಯ ಸಾಲಿನಲ್ಲಿ ‘ಸ್ಥಳೀಯ ಸಹಾಯಕರಿಗೆ’ ಕೃತಜ್ಞತೆ ಹೇಳಲಾಗಿತ್ತು. ಆ ಸಾಲನ್ನು ನಾನು ತರಗತಿಯಲ್ಲಿ ಓದಿ ತೋರಿಸಿದ್ದುಂಟು.

ಆದ್ದರಿಂದ ಶ್ರೀಲಂಕಾದ ವಿಶ್ವವಿದ್ಯಾಲಯವೊಂದು ನಮ್ಮೊಂದಿಗೆ ಸಹಕಾರಕ್ಕೆ ಮುಂದಾದಾಗ, ಮತ್ತು ಪತ್ರವ್ಯವಹಾರ ಚೆನ್ನಾಗಿ ಮಾಡುತ್ತಾನೆಂಬ ಒಂದೇ ಕಾರಣಕ್ಕೆ ನನ್ನನ್ನು ಸಂಚಾಲಕನನ್ನಾಗಿ ಮಾಡಿದಾಗ, ಈ ಸಲ ಸಮಾನರಾಗಿಯೇ ಕೂರಬೇಕೆಂದು ನಿಶ್ಚಯಿಸಿಕೊಂಡೆ. ವಿಷಯ ಎರಡೂ ಕಡೆಗೆ ಒಂದೇ. ಸಿರುಗುಪ್ಪದ ಕಾಲುವೆಯ ಕೊನೆಯ ಹೊಲಗಳು ಸವಳಾಗುತ್ತಿವೆ. ಬೇಸಿಗೆಯಲ್ಲಿ ನೆಲದ ಮೇಲೆ ಸುಣ್ಣ ಬಳಿದಂತೆ ಉಪ್ಪು ಏಳುತ್ತದೆ. ಅವರ ಕೆರೆಗಳ ಕೆಳಗಿನ ಗದ್ದೆಗಳದೂ ಅದೇ ಪಾಡು. ಉಪ್ಪನ್ನು ತಾಳಿಕೊಳ್ಳುವ ಹಳೆಯ ಭತ್ತದ ತಳಿಗಳನ್ನು ಎರಡೂ ದೇಶಗಳ ವಿದ್ಯಾರ್ಥಿಗಳು ಸೇರಿ ಹುಡುಕಬೇಕು, ಬೆಳೆಸಬೇಕು, ಹೋಲಿಸಬೇಕು ಎಂಬುದು ಯೋಜನೆ.

ಆ ಕಡೆಯ ಸಂಚಾಲಕಿ ಮಣ್ಣಿನ ವಿಜ್ಞಾನದ ಪ್ರಾಧ್ಯಾಪಕಿ. ವಾರಕ್ಕೊಮ್ಮೆ ಕಂಪ್ಯೂಟರಿನ ಪರದೆಯ ಮೇಲೆ ಭೇಟಿಯಾಗುತ್ತಿದ್ದೆವು. ಒಮ್ಮೊಮ್ಮೆ ಅವರಲ್ಲಿ ವಿದ್ಯುತ್ ಹೋಗುತ್ತಿತ್ತು, ಒಮ್ಮೊಮ್ಮೆ ನಮ್ಮಲ್ಲಿ. ಯಾರ ಮುಖ ಮೊದಲು ಮಾಯವಾಗುವುದೋ ನೋಡೋಣವೆಂದು ಅವರು ನಗುತ್ತಿದ್ದರು. ಒಂದು ದಿನ ನಾನು ಅವರಿಗೆ ಮುಯ್ಯಿಯ ಕುರಿತು ಹೇಳಿದೆ. ನಮ್ಮ ಕಡೆ ನಾಟಿಯ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಕೂಲಿಯಿಲ್ಲದೆ ದುಡಿಯಲು ಹೋಗುತ್ತಾರೆ, ಅವರು ಇವರ ಹೊಲಕ್ಕೆ ಬರುತ್ತಾರೆ, ಒಂದಾಳಿಗೆ ಒಂದಾಳು, ಯಾರೂ ಯಾರ ಹಂಗಿನಲ್ಲೂ ಇರುವುದಿಲ್ಲ ಎಂದು ವಿವರಿಸಿದೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ತಮ್ಮಲ್ಲಿಯೂ ಅಂಥದೇ ರೂಢಿಯಿದೆ, ಅದಕ್ಕೆ ‘ಅತ್ತಂ’ ಎನ್ನುತ್ತಾರೆ, ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ ಎಂದರು. ನಮ್ಮಿಬ್ಬರಿಗೂ ಆ ಸಂಜೆ ಏನೋ ದೊಡ್ಡದು ಸಿಕ್ಕಂತಾಯಿತು. ನಮ್ಮಿಬ್ಬರಲ್ಲಿ ಒಬ್ಬರೂ ಒಂದು ದಿನವೂ ಗದ್ದೆಗೆ ಇಳಿದು ಸಸಿ ನೆಟ್ಟವರಲ್ಲ ಎಂಬುದು ಆಗ ಇಬ್ಬರಿಗೂ ನೆನಪಾಗಲಿಲ್ಲ.

ಒಪ್ಪಂದಕ್ಕೆ ನಾನು ಬರೆದ ಏಳನೆಯ ಕಲಮು ಹೀಗಿತ್ತು: ‘ವಿದ್ಯಾರ್ಥಿಗಳ ವಿನಿಮಯವು ಸಮಾನವೂ ಏಕಕಾಲಿಕವೂ ಆಗಿರತಕ್ಕದ್ದು. ಒಂದು ಪಕ್ಷದ ವಿದ್ಯಾರ್ಥಿಯು ಹೊರಡುವ ಮುನ್ನ ಇನ್ನೊಂದು ಪಕ್ಷವು ತನ್ನ ವಿದ್ಯಾರ್ಥಿಯ ಹೊರಡುವಿಕೆಯನ್ನು ಲಿಖಿತವಾಗಿ ಖಚಿತಪಡಿಸತಕ್ಕದ್ದು.’

ಒಪ್ಪಂದಕ್ಕೆ ಒಪ್ಪಿಗೆ ಕೊಡಬೇಕಾಗಿದ್ದ ನಮ್ಮ ವಿಶ್ವವಿದ್ಯಾಲಯದ ಸಮಿತಿಯಲ್ಲಿ ಅದನ್ನು ವಿರೋಧಿಸಿದವರು ಒಬ್ಬರೇ. ಕುರುಗೋಡಿನವರು, ನಿವೃತ್ತ ಮುಖ್ಯೋಪಾಧ್ಯಾಯರು, ಗುಡ್ಡದ ಬುಡದಲ್ಲಿ ಅಂಜೂರದ ತೋಟ ಮಾಡಿಕೊಂಡಿದ್ದವರು. ಸಾರ್ವಜನಿಕರ ಪರವಾಗಿ ನಾಮಕರಣಗೊಂಡ ಸದಸ್ಯರು. ಸಭೆಯ ಔಪಚಾರಿಕ ಕನ್ನಡದ ನಡುವೆ ಅವರು ತಮ್ಮ ಊರಿನ ಮಾತನ್ನೇ ಆಡುತ್ತಿದ್ದರು.

“ನೋಡ್ರಿ ಮೇಷ್ಟ್ರ, ಮೊದ್ಲು ನಮ್ಮೋರು ಒಬ್ರನ್ನ ಕಳಿಸ್ರಿ. ಅವ್ರಿಗೆ ಆದಾಗ ಅವ್ರು ಕಳಿಸ್ತಾರ. ನೀವು ತಕ್ಕಡಿ ಹಿಡಕಂಡು ದಂಡಿ ಮ್ಯಾಲೆ ಕುಂತ್ರ ಹಡಗು ಹೋಗಿಬಿಡತೈತಿ.”

ನಾನು ಎದ್ದು ನಿಂತೆ. ಮಾನ್ಯ ಸದಸ್ಯರ ಮಾತಿನಲ್ಲಿ ಔದಾರ್ಯವಿದೆ, ಆದರೆ ಔದಾರ್ಯದ ಮೇಲೆ ಕಟ್ಟಿದ ಸಂಬಂಧದಲ್ಲಿ ಒಬ್ಬನು ಸದಾ ಕೈಯೊಡ್ಡಿ ನಿಲ್ಲಬೇಕಾಗುತ್ತದೆ ಎಂದೆ. ನಮ್ಮ ರೈತರ ಮುಯ್ಯಿಯಲ್ಲಿ ಔದಾರ್ಯವೂ ಇಲ್ಲ ಯಾಚನೆಯೂ ಇಲ್ಲ, ಅದು ನೆಲದಲ್ಲಿಯೇ ಹುಟ್ಟಿದ ಸಮಾನತೆ ಎಂದೆ. ಅವರು “ಅಲ್ರಿ, ಮುಯ್ಯಿ ಅಂದ್ರ ಹಂಗಲ್ಲ...” ಎಂದು ಬಾಯಿ ತೆರೆದರು. ಅಷ್ಟರಲ್ಲಿ ನಾನು ಮುಂದಿನ ವಾಕ್ಯಕ್ಕೆ ಹೋಗಿದ್ದೆ. ಯಾರೋ ವಿಶೇಷ ಸಂದರ್ಭಗಳಲ್ಲಿ ವಿನಾಯಿತಿ ಇರಲಿ ಎಂದು ಸೂಚಿಸಿದರು. ವಿನಾಯಿತಿಗೆ ಬಾಗಿಲು ತೆರೆದಿಟ್ಟರೆ ನಿಯಮವು ಬರೀ ಅಲಂಕಾರವಾಗುತ್ತದೆ ಎಂದು ಅದನ್ನೂ ಹೊಡೆದುಹಾಕಿದೆ. ಕಲಮು ಅಂಗೀಕಾರವಾಯಿತು. ಕುರುಗೋಡಿನ ಹಿರಿಯರು ಶಲ್ಯ ಕೊಡವಿಕೊಂಡು ಹೊರಟುಹೋದರು.

ಆ ವರ್ಷ ಹೋಗಬೇಕಾದವಳನ್ನು ಆರಿಸುವುದು ಕಷ್ಟವಾಗಲಿಲ್ಲ. ಸಸ್ಯಶಾಸ್ತ್ರದ ಕೊನೆಯ ವರ್ಷದಲ್ಲಿದ್ದ ವಿದ್ಯಾರ್ಥಿನಿ, ಕರೂರಿನವಳು. ತಾಯಿ ನಾಟಿಯ ಕೆಲಸದವರು. ಮನೆಗೆ ಕಾಲುವೆಯ ತುದಿಯಲ್ಲಿ ಎರಡೆಕರೆ, ಅದರಲ್ಲಿ ಅರ್ಧ ಸವಳು. ಈ ಹುಡುಗಿ ಸುತ್ತಲ ಹಳ್ಳಿಗಳ ಮುದುಕಿಯರ ಮಡಕೆಗಳಿಂದ ಹಳೆಯ ಬೀಜಗಳನ್ನು ಕೇಳಿ ತಂದು, ವಿಭಾಗದ ಮಾಳಿಗೆಯ ಮೇಲೆ ಒಡೆದ ಬಕೆಟ್ಟುಗಳಲ್ಲಿ ಉಪ್ಪುನೀರು ಹಾಕಿ ಬೆಳೆಸುತ್ತಿದ್ದಳು. ಒಂದು ತಳಿ ಎಷ್ಟು ಉಪ್ಪು ಕೊಟ್ಟರೂ ಹಸಿರಾಗಿಯೇ ನಿಲ್ಲುತ್ತಿತ್ತು. ಬಕೆಟ್ಟಿನಲ್ಲಿ ನಿಂತದ್ದು ಹೊಲದಲ್ಲಿಯೂ ನಿಲ್ಲುತ್ತದೆಯೇ ಎಂದು ತಿಳಿಯಲು ಅಳತೆಯಿಟ್ಟು ಉಪ್ಪುನೀರು ಹಾಯಿಸಬಹುದಾದ ಪ್ರಯೋಗದ ಗದ್ದೆ ಬೇಕು. ಅದು ನಮ್ಮಲ್ಲಿಲ್ಲ, ಅವರಲ್ಲಿದೆ. ಅಲ್ಲಿ ಒಂದು ಬೆಳೆ ತೆಗೆದರೆ ಅವಳ ಕೆಲಸ ಪೂರ್ತಿಯಾಗುತ್ತಿತ್ತು. ಮುಂದಿನ ಸಂಶೋಧನೆಗೆ ತಮ್ಮ ಬಳಿಯೇ ಇಟ್ಟುಕೊಳ್ಳುವುದಾಗಿ ಆ ಪ್ರಾಧ್ಯಾಪಕಿ ಹೇಳಿದ್ದರು. ಅವರ ದೊಡ್ಡ ಬೆಳೆಯ ಬಿತ್ತನೆ ಅಕ್ಟೋಬರಿನಲ್ಲಿ. ಡಿಸೆಂಬರಿಗೆ ಅವಳ ಕೋರ್ಸು ಮುಗಿಯುತ್ತಿತ್ತು. ಮುಗಿದ ಮೇಲೆ ಅವಳು ವಿದ್ಯಾರ್ಥಿನಿಯಲ್ಲ, ಆಮೇಲೆ ಹೊರಡುವುದಕ್ಕೆ ಒಪ್ಪಂದ ಅನ್ವಯಿಸುವುದಿಲ್ಲ. ಇದ್ದದ್ದು ಆ ಒಂದೇ ಬಿತ್ತನೆ.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರು ಕರೂರಿಗೆ ಹೋದಾಗ ಓಣಿಯೆಲ್ಲ ಸೇರಿತ್ತಂತೆ. “ಏನ್ ಮಾಡಿತವ್ವಾ ನಿನ್ನ ಮಗಳು?” ಎಂದು ಯಾರೋ ಕೇಳಿದ್ದಕ್ಕೆ ತಾಯಿ ಹೇಳಿದ್ದನ್ನು ಅವಳೇ ನನಗೆ ನಗುತ್ತ ಹೇಳಿದಳು: “ಏನೂ ಮಾಡಿಲ್ಲ. ಏನೂ ಮಾಡಿಲ್ಲ ಅಂತ ಬರಕಂಡು ಹೋಗಾಕ ಬಂದಾರ.”

ಜುಲೈ ಕೊನೆಯಲ್ಲಿ ಸಮುದ್ರದಾಚೆಯಿಂದ ಪತ್ರ ಬಂತು. ಅವರ ದೇಶದ ಕಷ್ಟದ ವರ್ಷಗಳಲ್ಲಿ ತರಗತಿಗಳು ನಿಂತು ನಿಂತು ನಡೆದಿದ್ದವು. ಆ ಬಾಕಿ ಪರೀಕ್ಷೆಗಳೆಲ್ಲ ಈಗ ಒಟ್ಟಿಗೆ ಬಂದಿದ್ದವು. ಅವರು ಆರಿಸಿದ್ದ ವಿದ್ಯಾರ್ಥಿನಿ ಈ ವರ್ಷ ಹೊರಡಲಾರಳು, ಮುಂದಿನ ವರ್ಷ ಖಂಡಿತ ಬರುತ್ತಾಳೆ ಎಂದು ಪ್ರಾಧ್ಯಾಪಕಿ ಬರೆದಿದ್ದರು. ‘ನಿಮ್ಮ ಹುಡುಗಿ ಬಂದುಬಿಡಲಿ. ಅವಳ ಹಾಸಿಗೆ, ಮೇಜು, ಗದ್ದೆಯಲ್ಲಿ ಅವಳ ಪಾಲಿನ ಪಾತಿ, ಎಲ್ಲವೂ ಸಿದ್ಧವಾಗಿವೆ.’

ಪತ್ರವನ್ನು ಹಿಡಿದು ಕಚೇರಿಯ ಮೇಲ್ವಿಚಾರಕರ ಬಳಿ ಹೋದೆ. ಮೂವತ್ತು ವರ್ಷ ಇದೇ ಕುರ್ಚಿಯ ಆಸುಪಾಸಿನಲ್ಲಿ ಸವೆದ ಮನುಷ್ಯ; ಒಳ್ಳೆಯವರು. ಓದಿ, ಕನ್ನಡಕ ತೆಗೆದು, ಮೇಜಿನ ಮೇಲಿಟ್ಟರು.

“ಏಳನೇ ಕಲಮು ಸರ.”

“ಅವರೇ ಕರೆಯುತ್ತಿದ್ದಾರಲ್ಲ.”

“ಕರಿತಾರ್ರಿ. ಖಚಿತಪಡಿಸಿದ ಪತ್ರ ಎಲ್ಲೈತಿ? ಇದು ನೋಡಿದ್ರ, ಖಚಿತ ಇಲ್ಲ ಅಂತ ಖಚಿತಪಡಿಸಿದ ಪತ್ರ.”

“ವಿಶೇಷ ಸಂದರ್ಭವೆಂದು ಒಂದು ಟಿಪ್ಪಣಿ ಹಾಕಿ...”

ಅವರು ನಡಾವಳಿಯ ಪುಸ್ತಕ ತೆಗೆದರು. ಪುಟ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. “ಓದ್ಲೇನ್ರಿ? ‘ವಿನಾಯಿತಿಗೆ ಬಾಗಿಲು ತೆರೆದಿಟ್ಟರೆ ನಿಯಮವು ಬರೀ ಅಲಂಕಾರವಾಗುತ್ತದೆ.’ ನಿಮ್ಮ ಮಾತೇ. ನನಗ ಭಾಳ ಹಿಡಿಸ್ತು ಸರ, ಒಂದಕ್ಷರ ಬಿಡದಂಗ ಬರಕಂಡೀನಿ.” ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಮೆಚ್ಚಿಯೇ ಹೇಳುತ್ತಿದ್ದರು.

ಫೋನಿನಲ್ಲಿ ಹೇಳುವ ವಿಷಯವಲ್ಲವೆಂದು ಮರುದಿನ ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ಕರೂರಿಗೆ ಇನ್ನೊಂದು. ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡೆ. ಕಿಟಕಿಯಾಚೆ ನೀರು ನಿಂತ ಗದ್ದೆಗಳು, ಅಕ್ಕಿ ಗಿರಣಿಗಳ ಹೊಟ್ಟಿನ ರಾಶಿಗಳು ಹಿಂದೆ ಸರಿದವು. ಮನೆಯಲ್ಲಿ ಬೀಗ. ನಾಟಿಗೆ ಹೋಗಿದ್ದಾರೆಂದು ಯಾರೋ ದಾರಿ ತೋರಿಸಿದರು. ಎಂಟು ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ ಸಸಿ ನೆಡುತ್ತಿದ್ದರು. ರಜೆಗೆ ಊರಿಗೆ ಬಂದಿದ್ದ ನಮ್ಮ ವಿದ್ಯಾರ್ಥಿನಿಯೂ ಸಾಲಿನ ತುದಿಯಲ್ಲಿದ್ದಳು, ಮೊಣಕಾಲಿನವರೆಗೆ ಕೆಸರು. ನಾನು ಬೂಟು ಹಾಕಿಕೊಂಡು ಬದುವಿನ ಮೇಲೆ ನಿಂತು, ಜೋಡಿಸಿದ ವಾಕ್ಯಗಳೆಲ್ಲ ಬಿಟ್ಟು, ಈ ವರ್ಷ ಹೋಗುವುದು ಆಗಲಿಕ್ಕಿಲ್ಲ ಎಂದೆ.

ಅವಳು ಕೈಯಲ್ಲಿದ್ದ ಸಸಿಯ ಕಟ್ಟನ್ನು ನೆಟ್ಟು ಮುಗಿಸಿದಳು. ಆಮೇಲೆ ನೆಟ್ಟಗಾದಳು. ಕೇಳಿದವರು ಅವಳ ಪಕ್ಕದಲ್ಲಿ ನೆಡುತ್ತಿದ್ದ ತಾಯಿ.

“ಯಾಕ್ರಿ ಸರ? ನಪಾಸ್ ಆದ್ಲೇನು?”

“ಇಲ್ಲಮ್ಮ. ಅವರ ಕಡೆಯಿಂದ ಬರಬೇಕಾದವಳು ಬರುತ್ತಿಲ್ಲ. ಒಬ್ಬರು ಹೋಗಬೇಕಾದರೆ ಅದೇ ಹೊತ್ತಿಗೆ ಒಬ್ಬರು ಬರಬೇಕೆಂದು ಬರೆದುಕೊಂಡಿದ್ದೇವೆ. ನಿಮ್ಮ ಮುಯ್ಯಿಯ ಹಾಗೆ.”

ಸಾಲು ನಿಂತಿತು. ಎಂಟು ಮುಖಗಳೂ ನನ್ನ ಕಡೆ ತಿರುಗಿದವು.

“ಮುಯ್ಯಿನಾ?” ಎಂದರು ಆಕೆ. “ಯಾರ್ ಹೇಳಿದ್ರಿ ನಿಮಗ?”

ಕೈಯಲ್ಲಿದ್ದ ಸಸಿಯಿಂದಲೇ ಸುತ್ತಲ ಗದ್ದೆಯನ್ನು ತೋರಿಸಿದರು.

“ಇದು ಯಾರ ಹೊಲ ಅನ್ಕಂಡೀರಿ? ನಮ್ದಲ್ಲ. ಅಗೋ, ಆ ತುದಿಗೆ ಹಸರು ಸೀರಿ ಉಟ್ಟಾಕಿ, ಆಕೀದು. ಇವತ್ತು ನಾವು ಬಂದೀವಿ. ಆಕಿ ನಮ್ಮ ಹೊಲಕ್ಕ ಯಾವಾಗ ಬರ್ತಾಳ? ಕಾಲುವಿ ನೀರು ನಮ್ ತನಕ ಬಂದಾಗ. ಹೋದ ವರ್ಷ ನೀರೇ ಬರಲಿಲ್ಲ. ಆ ಮುಯ್ಯಿ ಇನ್ನಾ ಹಂಗೇ ಐತಿ. ನಾ ಕೇಳೀನೇನು?”

“ಕೇಳಿದ್ರ ಬರ್ತಿದ್ನೇನು ನಾನು!” ಹಸಿರು ಸೀರೆಯಾಕೆ ಅಲ್ಲಿಂದಲೇ ಕೂಗಿದರು. ಎಲ್ಲರೂ ನಕ್ಕರು.

“ನೀವೇ ಹೇಳ್ರಿ ಸರ, ಓದಿದೋರು ಅದೀರಿ. ಇವತ್ತೇ ನಾವು ಆಕಿ ಹೊಲಕ್ಕ, ಇವತ್ತೇ ಆಕಿ ನಮ್ಮ ಹೊಲಕ್ಕ ಹೋಗೋದಾದ್ರ, ಯಾರ ಹೊಲದಾಗ ಅವ್ರು ಬಗ್ಗಿದ್ರ ಆಗ್ತಿರಲಿಲ್ಲೇನು? ಮುಯ್ಯಿ ಯಾಕ ಬೇಕಿತ್ತು?”

ಮೂವತ್ತು ವರ್ಷಗಳ ವಾದದ ಅಭ್ಯಾಸದಲ್ಲಿ ಇಷ್ಟು ನೇರವಾದ ಖಂಡನೆಯನ್ನು ನಾನು ಕೇಳಿರಲಿಲ್ಲ.

“ಮತ್ತ ನಾನೇ ಹೋಗಬೇಕಂತ ಇಲ್ಲರಿ,” ಆಕೆ ಇನ್ನೊಂದು ಕಟ್ಟು ಬಿಚ್ಚುತ್ತ ಮುಂದುವರಿಸಿದರು. “ನಾ ಇಲ್ಲಂದ್ರ ಮಗಳು ಹೋಗ್ತಾಳ, ಸೊಸಿ ಹೋಗ್ತಾಳ. ಮನ್ಯಾಗಿನೋರು ಯಾರು ಹೋದ್ರೂ ಮುಯ್ಯಿ ತೀರತೈತಿ. ಆದ್ರ ಮೊದ್ಲು ಹೋಗೋರು ಒಬ್ರು ಬೇಕು. ಮೊದ್ಲು ಹೋದೋರೇ ದೊಡ್ಡೋರು ನಮ್ಮೂರಾಗ.”

ಮೊದಲು ಹೋದವರು ಕೈಯೊಡ್ಡಿದವರಾಗುತ್ತಾರೆಂದು ನಾನು ಒಂದು ಸಭೆಯನ್ನೇ ನಂಬಿಸಿದ್ದೆ.

“ಅವ್ವ, ಸಾಕು ಬಿಡು,” ಎಂದಳು ವಿದ್ಯಾರ್ಥಿನಿ. “ಸರ ಬಿಸಿಲಾಗ ನಿಂತಾರ.”

ಆ ವಾರವೇ ಕುರುಗೋಡಿಗೆ ಹೋದೆ. ವಿಶೇಷ ಸಭೆ ಕರೆಯಬೇಕಾದರೆ ಸದಸ್ಯರೊಬ್ಬರ ಲಿಖಿತ ಕೋರಿಕೆ ಬೇಕು, ಸಂಚಾಲಕನಿಗೆ ಆ ಅಧಿಕಾರವಿಲ್ಲ. ಈ ನಿಯಮವನ್ನು ಮಾತ್ರ ನಾನು ಬರೆದಿರಲಿಲ್ಲ. ಹಿರಿಯರು ತೋಟದಲ್ಲಿ ಮಂಚದ ಮೇಲೆ ಕುಳಿತಿದ್ದರು. ಹಿಂದೆ ಬಂಡೆಗಳನ್ನು ಪೇರಿಸಿಟ್ಟಂತಿದ್ದ ಗುಡ್ಡ ಕಾದು ಝಳ ಬಿಡುತ್ತಿತ್ತು. ದೂರದಿಂದಲೇ ನನ್ನನ್ನು ಗುರುತಿಸಿದರು.

“ಬರ್ರಿ, ಬರ್ರಿ! ಸಮಾನರು ಬಂದ್ರು! ಏಕಕಾಲಿಕರು ಬಂದ್ರು! ಕುಂದರ್ರಿ. ನಾನೂ ಒಮ್ಮಿಗೇ ಕುಂದ್ರಬೇಕೋ, ನೀವು ಕುಂತ ಮ್ಯಾಲೋ?”

ಅವರು ಕುಳಿತೇ ಇದ್ದರು. ನಾನು ಕುಳಿತೆ. ಒಂದು ತಟ್ಟೆ ಅಂಜೂರ ಮುಂದಿಟ್ಟು, ಎರಡು ತಿನ್ನುವವರೆಗೆ ಮಾತಾಡಗೊಡಲಿಲ್ಲ. ಆಮೇಲೆ ನಾನು ಕರೂರಿನ ಗದ್ದೆಯಲ್ಲಿ ಕೇಳಿದ್ದನ್ನು ಹೇಳಿದೆ.

“ನಮ್ಮವ್ವ ಜೀವಮಾನಪೂರ್ತಿ ಮುಯ್ಯಿ ಹೋದಾಕಿ,” ಎಂದರು ಅವರು. ಈಗ ಹಾಸ್ಯವಿರಲಿಲ್ಲ. “ಅವತ್ತು ಸಭಾದಾಗ ಅದನ್ನ ಹೇಳಾಕ ಬಾಯಿ ತೆಗದೆ. ನೀವು ಉಸುರು ಬಿಡಾಕ ಬಿಡಲಿಲ್ಲ. ಖರೇ ಹೇಳ್ಲೇನು? ನೀವು ತಪ್ಪು ಅಂತ ನನಗ ಸಿಟ್ಟು ಬರಲಿಲ್ಲ. ಅಷ್ಟು ಚಲೋ ಮಾತಾಡ್ತಾನಲ್ಲ, ಇವ ಕೇಳೋದು ಯಾವಾಗ ಅಂತ ಅನಿಸ್ತು.”

ತಪ್ಪಾಯಿತು ಎಂದೆ.

“ತಪ್ಪು ಒಪ್ಪಗಳ್ಳಾಕ ಕುರುಗೋಡಿಗೆ ಯಾಕ ಬಂದ್ರಿ? ಅಲ್ಲೇ, ಆ ಕೋಣ್ಯಾಗ ಹೇಳ್ರಿ. ಕೋರಿಕಿ ನಾ ಬರಕೊಡ್ತೀನಿ. ಮಾತು ಮಾತ್ರ ನೀವೇ ಆಡ್ಬೇಕು. ನನ್ನ ಮಾತಿಗೆ ಆ ಮಂದಿ ತೂಕಡಸ್ತಾರ.”

ಸೆಪ್ಟೆಂಬರಿನಲ್ಲಿ ಸಭೆ ಸೇರಿತು. ನಾನು ನನ್ನದೇ ಕಲಮಿನ ವಿರುದ್ಧ ಮಾತಾಡಿದೆ. ಏಕಕಾಲಿಕವಾದ ವಿನಿಮಯದಲ್ಲಿ ಸಮಾನತೆಯಿಲ್ಲ, ಬರೀ ಅಪನಂಬಿಕೆಯಿದೆ ಎಂದೆ. ಎರಡು ಹೊಲಗಳಿಗೆ ಒಂದೇ ದಿನ ನೀರು ಬರುವುದಿಲ್ಲ. ಎರಡು ದೇಶಗಳಿಗೂ ಹಾಗೆಯೇ. ಒಬ್ಬರ ಕಷ್ಟದ ವರ್ಷ ಇನ್ನೊಬ್ಬರ ಕೊಡುವ ವರ್ಷವಾಗಬೇಕು ಎಂದೆ. ಮಾತು ಚೆನ್ನಾಗಿ ಬಂತು. ಬರುತ್ತಿರುವುದು ನನಗೇ ಕೇಳಿಸುತ್ತಿತ್ತು, ಅದು ನನ್ನನ್ನು ಹೆದರಿಸಿತು. ಮುಗಿಸಿ ಕುಳಿತಾಗ ಅಧ್ಯಕ್ಷರು ನಕ್ಕು, “ಎರಡೂ ಕಡೆಯಿಂದ ಇಷ್ಟು ಸೊಗಸಾಗಿ ಮಾತಾಡಿದವರನ್ನು ನಾನು ನೋಡಿಲ್ಲ” ಎಂದರು. ಕೆಲವರು ಮೇಜು ಕುಟ್ಟಿದರು. ಹಳೆಯ ಚರ್ಚಾಸ್ಪರ್ಧೆಯೊಂದರಲ್ಲಿ ಬಹುಮಾನ ಬಂದಂತಾಯಿತು. ಈ ಸಲ ನಾನು ಚೀಟಿ ಎತ್ತಿರಲಿಲ್ಲ ಎಂದು ಅವರಿಗೆ ಹೇಗೆ ತಿಳಿಸುವುದು? ಕುರುಗೋಡಿನ ಹಿರಿಯರು ಮೇಜು ಕುಟ್ಟಲಿಲ್ಲ. ಅನುಮೋದಿಸುತ್ತೇನೆ ಎಂದು ಕೈಯೆತ್ತಿದರು, ಅಷ್ಟೇ.

ಕಲಮು ಬದಲಾಯಿತು. ಆದರೆ ಬದಲಾದ ಕಲಮಿಗೆ ಎರಡೂ ಕಡೆಯ ಹೊಸ ಸಹಿ ಬೇಕಿತ್ತು. ವಿದೇಶದೊಂದಿಗಿನ ಒಪ್ಪಂದವಾದ್ದರಿಂದ ತಿದ್ದುಪಡಿ ಮೇಲಿನ ಕಚೇರಿಗೆ ಹೋಯಿತು, ಅಲ್ಲಿಂದ ಮೂಲ ಒಪ್ಪಂದದ ಪ್ರತಿ ಕೇಳಿದರು, ಕಳಿಸಿದೆವು. ಅವರ ಪರಿಷತ್ತು ತಿಂಗಳಿಗೊಮ್ಮೆ ಸೇರುತ್ತದೆ. ನಮ್ಮ ಪತ್ರ ತಲುಪಿದ್ದು ಸೇರಿದ ಮರುದಿನ. ಮುಂದಿನ ತಿಂಗಳು ಸಹಿಯಾಗಿ ಬಂದ ಪ್ರತಿಯಲ್ಲಿ ಎರಡನೆಯ ಪುಟಕ್ಕೆ ಮೊಹರು ಬಿದ್ದಿರಲಿಲ್ಲ. ಮೇಲ್ವಿಚಾರಕರು ದಿನಕ್ಕೆರಡು ಬಾರಿ ನನಗೆ ಫೋನು ಮಾಡುತ್ತಿದ್ದರು, ತಮ್ಮ ಮಗಳ ಕೆಲಸವೆಂಬಂತೆ ಓಡಾಡಿದರು. ಆ ಪ್ರಾಧ್ಯಾಪಕಿ ಗದ್ದೆಯ ಪಾತಿಯನ್ನು ಹತ್ತು ದಿನ ಖಾಲಿ ಇಟ್ಟು ಕಾದರು. ಮಳೆ ಹಿಡಿಯಿತು, ಬಿತ್ತಲೇಬೇಕಾಯಿತು. ಬಿತ್ತಿದ ಸಂಜೆ ಪರದೆಯ ಮೇಲೆ ಕಾಣಿಸಿಕೊಂಡರು. ಇಬ್ಬರ ಕಡೆಯೂ ಅಂದು ವಿದ್ಯುತ್ ಇತ್ತು, ಹೆಚ್ಚು ಮಾತಿರಲಿಲ್ಲ. ಆ ತಳಿಯ ಬೀಜವನ್ನಾದರೂ ಕಳಿಸಬಹುದೇ ಎಂದು ಕೇಳಿದರು. ವಿದ್ಯಾರ್ಥಿ ಜೊತೆಗಿಲ್ಲದೆ ಬೀಜವೊಂದೇ ಗಡಿ ದಾಟಲು ಬೇರೆಯೇ ಒಪ್ಪಂದ ಬೇಕೆಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ವಿದ್ಯಾರ್ಥಿನಿಗೆ ಹೇಳಲು ಮಾಳಿಗೆಗೆ ಹೋದೆ. ಒಡೆದ ಬಕೆಟ್ಟೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಸ್ಕೇಲಿನಿಂದ ತೆನೆ ಅಳೆಯುತ್ತಿದ್ದಳು.

“ಗೊತ್ತಾತ್ರಿ ಸರ,” ಎಂದಳು, ನಾನು ಆರಂಭಿಸುವ ಮೊದಲೇ. “ಕೆಳಗ ಆಫೀಸಿನ ಸರ ಕಣ್ಣೊರಸಿಕೊಂಡು ಕುಂತಿದ್ರು.” ಆಮೇಲೆ ಸ್ಕೇಲನ್ನು ನನ್ನ ಕೈಗೆ ಕೊಟ್ಟಳು. “ಇದನ್ನ ಸ್ವಲ್ಪ ನೆಟ್ಟಗ ಹಿಡೀರಿ. ಒಬ್ಬಾಕಿಗೇ ಅಳತಿ ಸರಿ ಸಿಗವಲ್ದು.” ನಾನು ಹಿಡಿದುಕೊಂಡೆ. ಸಂಜೆಯವರೆಗೆ ಅಳೆದೆವು. ನನ್ನ ಜೀವನದಲ್ಲಿ ಬೇರೊಬ್ಬರ ಕೆಲಸಕ್ಕೆ ಕೈಯಿಂದ ನೆರವಾದ ದಿನಗಳಲ್ಲಿ ಅದೊಂದು; ಅಂಥವು ಬಹಳ ಇಲ್ಲ.

ಬಕೆಟ್ಟಿನ ಲೆಕ್ಕದಲ್ಲಿಯೇ ಅವಳು ಪ್ರಬಂಧ ಮುಗಿಸಿದಳು. ಜನವರಿಯಿಂದ ಸಿರುಗುಪ್ಪದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸತೊಡಗಿದಳು.

ಮರುವರ್ಷ ಜುಲೈಯಲ್ಲಿ ಅವರ ಕಡೆಯ ವಿದ್ಯಾರ್ಥಿನಿ ಬಂದಳು. ನಮ್ಮಿಂದ ಆ ವರ್ಷ ಹೋಗುವವರ ಆಯ್ಕೆ ಇನ್ನೂ ಆಗಿರಲಿಲ್ಲ; ಹೊಸ ಕಲಮಿನ ಪ್ರಕಾರ ಅವರು ಕಾಯಬೇಕಾಗಿರಲಿಲ್ಲ, ಕಾಯಲಿಲ್ಲ. ಅವಳನ್ನು ಒಂದು ಭಾನುವಾರ ಕರೂರಿಗೆ ಕರೆದೊಯ್ದೆ. ಆ ವರ್ಷ ನೀರು ಕಾಲುವೆಯ ತುದಿಯವರೆಗೂ ಬಂದಿತ್ತು; ಎರಡೆಕರೆಯಲ್ಲಿ ನಾಟಿ ನಡೆದಿತ್ತು. ಹಸಿರು ಸೀರೆಯಾಕೆ, ಅಂದು ಬೇರೆ ಬಣ್ಣದ ಸೀರೆಯಲ್ಲಿ, ಸಾಲಿನ ಮೊದಲಿಗೇ ಇದ್ದರು.

ನಮ್ಮ ಹಳೆಯ ವಿದ್ಯಾರ್ಥಿನಿ ಅತಿಥಿಗೆ ಸವಳು ಎಲ್ಲಿ ಶುರುವಾಗುತ್ತದೆಂದು ತೋರಿಸಿದಳು, ಮಣ್ಣನ್ನು ಚಿಟಿಕೆ ತೆಗೆದು ನಾಲಗೆಗೆ ಮುಟ್ಟಿಸಿಕೊಂಡು ಅವಳಿಗೂ ಮುಟ್ಟಿಸಿದಳು. ತನ್ನ ಪ್ರಬಂಧದ ಒಂದು ಪ್ರತಿಯನ್ನೂ, ಪ್ರತಿಯೊಂದು ಬೀಜ ಯಾವ ಊರಿನ ಯಾವ ಮನೆಯದೆಂದು ಬರೆದಿಟ್ಟ ಪಟ್ಟಿಯನ್ನೂ ಕೊಟ್ಟಳು. ನಾನಾದರೆ ಕೊಡುತ್ತಿದ್ದೆನೇ? ಗೊತ್ತಿಲ್ಲ. ಅತಿಥಿ ಸ್ವಲ್ಪ ಹೊತ್ತು ನಾಟಿಯ ಸಾಲನ್ನು ನೋಡುತ್ತ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಯಾರನ್ನೂ ಕೇಳದೆ ಗದ್ದೆಗೆ ಇಳಿದಳು. ಅವಳ ಮನೆಯಲ್ಲಿಯೂ ಗದ್ದೆಯಿತ್ತು.

“ಅಯ್ಯೋ ಇದರ! ಕೈ ಐತಿ ಈ ಹುಡುಗಿಗೆ,” ಎಂದರು ತಾಯಿ. “ಸಾಲು ಸೊಟ್ಟ ಆತು ತಂ‍ಗಿ, ಈ ಕಡಿ, ಈ ಕಡಿ.” ಭಾಷೆ ತಿಳಿಯದಿದ್ದರೂ ಅವಳು ಈ ಕಡೆ ಬಂದಳು.

ಒಂದು ಪಾತಿ ಮುಗಿದಾಗ ತಾಯಿ ಸೊಂಟದ ಮೇಲೆ ಕೈಯಿಟ್ಟು ನನ್ನತ್ತ ತಿರುಗಿದರು. “ನೋಡ್ರಿ ಸರ, ಈಗ ಈಕಿ ಮುಯ್ಯಿ ನಮ್ಮ ಮ್ಯಾಲೆ ಬಂತು. ಯಾರು ಹೋಗ್ತಾರ ತೀರಸಾಕ?”

“ಆಯ್ಕೆ ಆಗಬೇಕು. ಬಹುಶಃ ಕುರುಗೋಡಿನ ಕಡೆಯ ಒಬ್ಬ ವಿದ್ಯಾರ್ಥಿನಿ.”

“ನನ್ನ ಜೂನಿಯರ್ರವ್ವ,” ಎಂದಳು ಮಗಳು. “ಚಲೋ ಹುಡುಗಿ. ಬಕೆಟ್ಟೆಲ್ಲಾ ಆಕಿಗೇ ಕೊಟ್ಟು ಬಂದೀನಿ.”

ತಾಯಿ ಮಗಳ ಮುಖವನ್ನು ಒಂದು ಗಳಿಗೆ ನೋಡಿದರು. ಮತ್ತೆ ಬಗ್ಗಿದರು.

ಸಿರುಗುಪ್ಪದ ಬಸ್ಸಿಗೆ ನಾವು ಮೂವರೂ ಕಾಯುತ್ತಿದ್ದೆವು. ಅತಿಥಿ ಉಗುರುಗಳಿಂದ ಕೆಸರು ತೆಗೆದುಕೊಳ್ಳುತ್ತಿದ್ದಳು.

“ಸರ, ಪಾಸ್‌ಪೋರ್ಟು ಎಷ್ಟು ವರ್ಷ ನಡಿತೈತ್ರಿ?” ಎಂದು ಕೇಳಿದಳು ಕರೂರಿನವಳು.

“ಹತ್ತು ವರ್ಷ.”

ಅವಳು ಬೆರಳು ಮಡಚಿದಳು. “ಹಂಗಾದ್ರ ಇನ್ನಾ ಎಂಟು ವರ್ಷದ ಮ್ಯಾಲೆ ಐತಿ. ಇರ್ಲಿ ಬಿಡ್ರಿ.”

ಬಳ್ಳಾರಿಗೆ ಮರಳಿದ ಮೇಲೆ ಹೊಸದೊಂದು ಕಲಮನ್ನು ಬರೆದೆ. ಮನೆಯವರು ಯಾರು ಹೋದರೂ ಮುಯ್ಯಿ ತೀರುತ್ತದೆ ಎಂದು ಆಕೆ ಹೇಳಿದ್ದರಲ್ಲ. ಆ ಆಧಾರದ ಮೇಲೆ, ಕೋರ್ಸು ಮುಗಿಸಿದವರೂ ಈ ವಿನಿಮಯದ ಮಟ್ಟಿಗೆ ವಿಶ್ವವಿದ್ಯಾಲಯದ ಮನೆಯವರೆಂದು ಪರಿಗಣಿತರಾಗತಕ್ಕದ್ದು ಎಂದು. ಕಚೇರಿಗೆ ಕೊಡುವ ಮೊದಲು ಕರಡನ್ನು ಕುರುಗೋಡಿಗೆ ಒಯ್ದು ಓದಿದೆ. ಆಮೇಲೆ ಕರೂರಿಗೆ ಒಯ್ದು ಓದಿದೆ. “ಪರಿಗಣಿತರಾಗತಕ್ಕದ್ದು ಅಂದ್ರೇನ್ರಿ?” ಎಂದು ತಾಯಿ ಕೇಳಿದರು. ಹೇಳಿದೆ. “ಹಂಗಂದ್ರ ಸರಿ ಐತಿ,” ಎಂದರು.

ಕಡತ ಈಗ ಮೂರನೆಯ ಮೇಜಿನಲ್ಲಿದೆ. ಸಮಿತಿಯಲ್ಲಿ ಅದರ ಪರವಾಗಿ ಎಷ್ಟು ಕಡಿಮೆ ಸಾಧ್ಯವೋ ಅಷ್ಟೇ ಮಾತಾಡಬೇಕೆಂದಿದ್ದೇನೆ. ಕಡತದ ಹೊದಿಕೆಯ ಮೇಲೆ, ಮೂಲೆಯಲ್ಲಿ, ‘ಎಂಟು ವರ್ಷ’ ಎಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೆ. ಹೊದಿಕೆಯ ಮೇಲೆ ಏನನ್ನೂ ಗೀಚಬಾರದೆಂಬ ನಿಯಮವಿದೆ. ಮೇಲ್ವಿಚಾರಕರು ಅದನ್ನು ಅಳಿಸಿಲ್ಲ. ಮೊನ್ನೆ ನೋಡಿದಾಗ ಅಕ್ಷರಗಳ ಮೇಲೆ ಯಾರೋ ಶಾಯಿಯಿಂದ ತಿದ್ದಿದ್ದರು.